ಬರಹವೂ ಲೆಕ್ಕವೂ ಒಂದೇ ಕಡತದಲ್ಲಿ

ಕೇಳುಗರಿಗೆ ನಮಸ್ಕಾರ. ಸಂಶೋಧನಾ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ಇಂದು ನಾನು ಹೇಳುವುದು ಒಂದೇ ಮಾತು: ಪ್ರಬಂಧದ ಬರಹವನ್ನೂ ಅದರ ಲೆಕ್ಕ ಮಾಡಿದ ಕೋಡನ್ನೂ, ಅಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಸೂಚನೆಗಳನ್ನೂ, ಒಂದೇ ಕಡತದಲ್ಲಿಡಿ.

ಏಕೆಂದು ಕೇಳಿ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ಜಿಡಿಪಿಯ ಶೇ 90ನ್ನು ಮೀರಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇ −0.1 ಎಂದರು. ಸರ್ಕಾರದ ಖರ್ಚಿಗೆ ಕತ್ತರಿ ಹಾಕಬೇಕೆಂದು ಕಾದಿದ್ದ ಯುರೋಪು, ಅಮೆರಿಕದ ರಾಜಕಾರಣಿಗಳಿಗೆ ಅಷ್ಟೇ ಸಾಕಾಯಿತು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯಲ್ಲಿ ಒಂದು ಕೆಲಸ ಕೊಟ್ಟಿದ್ದರು: ಪ್ರಕಟವಾದ ಯಾವುದಾದರೂ ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು. ಆತ ಇದನ್ನೇ ಆರಿಸಿಕೊಂಡ. ಎಷ್ಟು ಮಾಡಿದರೂ ಉತ್ತರ ತಾಳೆಯಾಗಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿದ. ಅವರು ಎಕ್ಸೆಲ್ ಕಡತ ಕಳುಹಿಸಿದರು, ಅದು ಅವರ ದೊಡ್ಡತನ. ತೆರೆದು ನೋಡಿದರೆ ಸರಾಸರಿಯ ಸೂತ್ರ 30ನೇ ಸಾಲಿನಿಂದ ಹೊರಟು 44ಕ್ಕೇ ನಿಂತಿದೆ! ಹೋಗಬೇಕಾದದ್ದು 49ರವರೆಗೆ. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದಿಂದ ಆಚೆ. ಅದರ ಮೇಲೆ, ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷಕ್ಕೂ ಬ್ರಿಟನ್ನಿನ 19 ವರ್ಷಗಳಿಗೂ ಒಂದೇ ತೂಕ. 2013ರಲ್ಲಿ ಆತ ತನ್ನ ಇಬ್ಬರು ಪ್ರಾಧ್ಯಾಪಕರೊಂದಿಗೆ ಎಲ್ಲವನ್ನೂ ಸರಿಪಡಿಸಿ ಮಾಡಿದ ಲೆಕ್ಕದಲ್ಲಿ ಬಂದದ್ದು ಶೇ 2.2. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು. ಆದರೆ ನಡುವೆ ಮೂರು ವರ್ಷ ಕಳೆದಿತ್ತಲ್ಲ!

ಅಚ್ಚಾದ ಪುಟವನ್ನು ಭೂತಗನ್ನಡಿ ಹಿಡಿದು ಓದಿದರೂ ಆ 44 ಕಾಣುವುದಿಲ್ಲ. ಬರಹದ ಪಕ್ಕದಲ್ಲೇ ಕೋಡ್ ಇದ್ದಿದ್ದರೆ ಯಾವನೋ ಓದುಗ ಮೊದಲ ವಾರದಲ್ಲೇ ಹಿಡಿಯುತ್ತಿದ್ದ. ‘ಕೇಳಿದರೆ ಕೊಡುತ್ತೇವೆ’ ಎನ್ನುವವರಿಗೆ ನನ್ನ ಪ್ರಶ್ನೆ: ಸ್ವಾಮಿ, ಕೇಳುವವರೆಗೆ ಬಚ್ಚಿಡುವುದೇಕೆ?

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಬರಹ ಮತ್ತು ಕೋಡನ್ನು ಹೆಣೆಯುವ ಈ ಆಲೋಚನೆಯನ್ನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1984ರಲ್ಲೇ ಮಂಡಿಸಿದ್ದರು. ಈಗ ಅದಕ್ಕೆಂದೇ ತಂತ್ರಾಂಶಗಳಿವೆ: ಜೂಪಿಟರ್ ಇದೆ, ಕ್ವಾರ್ಟೊ ಇದೆ, ಎರಡೂ ಉಚಿತ. ಗುರುತ್ವ ಅಲೆಗಳನ್ನು ಪತ್ತೆ ಮಾಡಿದ ಲೈಗೊ ತಂಡವೇ ದತ್ತಾಂಶದ ಜೊತೆ ಜೂಪಿಟರ್ ನೋಟ್‌ಬುಕ್ ಎಂಬ ಇಂಥ ಕಡತವನ್ನೂ ಬಹಿರಂಗವಾಗಿ ಇಟ್ಟಿದೆ. ಕೋಷ್ಟಕಕ್ಕೆ ಅಂಕಿಗಳನ್ನು ಕೈಯಿಂದ ನಕಲು ಮಾಡಬೇಡಿ, ಕೋಡೇ ತುಂಬಲಿ. ದತ್ತಾಂಶ ಬದಲಾದರೆ ಕೋಷ್ಟಕವೂ ತಾನೇ ಬದಲಾಗುತ್ತದೆ. ಸಲ್ಲಿಸುವ ಮುನ್ನ ಆ ಒಂದೇ ಕಡತವನ್ನು, ದತ್ತಾಂಶದ ಸಮೇತ, ಗೆಳೆಯರ ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ. ಅಲ್ಲಿ ನಿಂತುಹೋದರೆ ಸಲ್ಲಿಕೆಯನ್ನು ಒಂದು ವಾರ ಮುಂದೂಡಿ. ನಮಸ್ಕಾರ.