ಜೀಪ್ ಓಡ್ಸೋನಿಗ್ಯಾಕೆ ಸಿಂಫನಿ ಅಂದ್ರಲ್ಲ, ಕೂತ್ಕೊಂಡು ಕೇಳಿ ಈಗ

ನಮಸ್ಕಾರ ಎಲ್ಲರಿಗೂ. ಮಡಿಕೇರಿಲಿ ಮಧ್ಯಾಹ್ನದಿಂದ ಕರೆಂಟಿಲ್ಲ, ಮೊಬೈಲಲ್ಲಿ 34 ಪರ್ಸೆಂಟ್ ಚಾರ್ಜ್ ಇದೆ, ಜೀಪೊಳಗೆ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಟಪಟಪ ಅಂತ ಕೇಳ್ತಿರೋದು ಟಾರ್ಪಾಲ್ ಮೇಲೆ ಬೀಳ್ತಿರೋ ಮಳೆ. ಅದನ್ನೂ ಸಂಗೀತ ಅಂತ ಹೇಳಿಬಿಡ್ತೀನೇನೋ ಅಂತ ಕೆಲವರಿಗೆ ಭಯ ಬೇರೆ.

ಹೋದ ಸಲ ಫಿಲಿಪ್ ಗ್ಲಾಸ್ ಬಗ್ಗೆ ಮಾತಾಡಿದ್ನಲ್ಲ, 1937ರಲ್ಲಿ ಅಮೆರಿಕದ ಬಾಲ್ಟಿಮೋರಲ್ಲಿ ಹುಟ್ಟಿದ ಕಂಪೋಸರ್, ಸಿಂಫನಿ ಅಂದ್ರೆ ದೊಡ್ಡ ವಾದ್ಯವೃಂದ ನುಡಿಸೋ ಉದ್ದನೆ ಸಂಗೀತ, ಅದನ್ನೆಲ್ಲ ಬರೆಯೋರು, ಅದಕ್ಕೊಬ್ಬರು ಕಾಮೆಂಟ್ ಹಾಕಿದ್ದಾರೆ. "ಅಣ್ಣ, ಜೀಪ್ ಓಡ್ಸೋರಿಗೆ ಸಿಂಫನಿ ಎಲ್ಲ ಯಾಕೆ, ಗೇರ್ ಹಾಕ್ಕೊಂಡು ಸುಮ್ನಿರಿ." ಜೊತೆಗೆ ನಗೋ ಮುಖ ಮೂರು. ಒಂದಾಗಿದ್ರೆ ಬಿಡ್ತಿದ್ದೆ ಮಾರಾಯ್ರೇ, ಮೂರು!

ಸರಿ, ಹೇಳ್ತೀನಿ. ಆ ಫಿಲಿಪ್ ಗ್ಲಾಸ್ ನ್ಯೂಯಾರ್ಕಲ್ಲಿ ಟ್ಯಾಕ್ಸಿ ಓಡಿಸ್ತಿದ್ರು. ಕಾಲೇಜ್ ಟೈಮಲ್ಲಿ ಪಾಕೆಟ್ ಮನಿಗೆ ಅಲ್ಲ. 1976ರಲ್ಲಿ ಅವರ ಐನ್‌ಸ್ಟೈನ್ ಆನ್ ದಿ ಬೀಚ್ ಅನ್ನೋ ಒಪೆರಾ, ಒಪೆರಾ ಅಂದ್ರೆ ಹಾಡಲ್ಲೇ ನಡೆಯೋ ನಾಟಕ, ಸುಮಾರು ಐದು ಗಂಟೆ, ಮಧ್ಯೆ ಇಂಟರ್ವಲ್ಲೇ ಇಲ್ಲ, ಬೇಕಾದವರು ಎದ್ದು ಹೋಗಿ ಬರಬಹುದು, ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಲ್ಲಿ ಹೌಸ್‌ಫುಲ್ ಆಯ್ತು. ಹೌಸ್‌ಫುಲ್ ಆದ್ರೂ ತಲೆ ಮೇಲೆ ಸಾಲ ಉಳೀತು. ಮನುಷ್ಯ ಏನ್ಮಾಡಿದ್ರು? ವಾಪಸ್ ಹೋಗಿ ಟ್ಯಾಕ್ಸಿ ಹತ್ತಿದ್ರು. ಒಂದಿನ ಒಬ್ಬ ಹೆಂಗಸು ಟ್ಯಾಕ್ಸಿಲಿ ಅಂಟಿಸಿದ್ದ ಡ್ರೈವರ್ ಹೆಸರು ನೋಡಿ, ನಿಮಗೊಬ್ಬ ದೊಡ್ಡ ಕಂಪೋಸರ್ ಹೆಸರೇ ಇದೆ ಗೊತ್ತಾ ಅಂದ್ರಂತೆ! ಇದನ್ನ ಆಮೇಲೆ ಅವರೇ ನಗ್ತಾ ಹೇಳ್ಕೊಂಡಿದ್ದಾರೆ. ನನ್ನ ಜೀಪಲ್ಲಿ ಹತ್ತಿದವರು ಯಾರೂ ಹಂಗೆ ಕೇಳಿಲ್ಲ, ಎಲ್ಲರೂ ಕೇಳೋದು ಅಣ್ಣ ಮಂಡಲಪಟ್ಟಿ ಬೆಟ್ಟದಲ್ಲಿ ಮಂಜಿರುತ್ತಾ ಅಂತ.

ಗ್ಲಾಸ್‌ಗೆ ಸುಮಾರು 41 ವರ್ಷ ವಯಸ್ಸಾಗೋ ತನಕ ಹಿಂಗೇ. ಸಾಯಂಕಾಲ ಗಾಡಿ ಓಡ್ಸೋದು, ಮಧ್ಯರಾತ್ರಿ ಮೇಲೆ ಮನೆಗೆ ಬಂದು ಬೆಳಗಿನ ಜಾವದ ತನಕ ಬರೆಯೋದು. ಪ್ಲಂಬಿಂಗೂ ಮಾಡ್ತಿದ್ರು. ಟೈಮ್ ಪತ್ರಿಕೆಯ ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್ ಮನೆಲಿ ಪಾತ್ರೆ ತೊಳೆಯೋ ಮಷೀನ್ ಕೂರಿಸ್ತಾ ಇದ್ರಂತೆ, ಹ್ಯೂಸ್ ಗುರುತು ಹಿಡಿದು, ಅಯ್ಯೋ ನೀವು ಕಲಾವಿದರಲ್ವಾ ಅಂತ ಗಾಬರಿ. ಇವರು, ಹೌದು ಕಲಾವಿದನೇ, ಆಗಾಗ ಪ್ಲಂಬರೂ ಹೌದು, ನೀವು ಆ ಕಡೆ ಹೋದ್ರೆ ಬೇಗ ಮುಗಿಸ್ತೀನಿ ಅನ್ನೋ ಥರ ಹೇಳಿ ಕೆಲಸ ಮುಂದುವರಿಸಿದ್ರು. ನಂಗಂತೂ ಒಪೆರಾಕ್ಕಿಂತ ಇದೇ ಇಷ್ಟ. ಕೈಯಲ್ಲಿ ಸ್ಪ್ಯಾನರ್ ಇದ್ರೆ ಕಿವಿ ಕಿವುಡಾಗಲ್ಲ ಸ್ವಾಮಿ! ಇಷ್ಟೇ ನಾನು ಹೇಳ್ತಿರೋದು.

ಈಗ ಇನ್ನೊಬ್ಬರು ಬುದ್ಧಿವಂತರು ಕೇಳ್ತಾರೆ, ಟ್ಯಾಕ್ಸಿ ಓಡಿಸದೇ ಇದ್ದಿದ್ರೆ ಇನ್ನೂ ಜಾಸ್ತಿ ಬರೀತಿದ್ರಲ್ವಾ, ಇಪ್ಪತ್ತು ವರ್ಷ ವೇಸ್ಟ್ ಅಲ್ವಾ ಅಂತ. ಏನ್ ವೇಸ್ಟ್ ಮಾರಾಯ್ರೇ? ಹತ್ತಕ್ಕಿಂತ ಜಾಸ್ತಿ ಸಿಂಫನಿ, ಇಪ್ಪತ್ತಕ್ಕಿಂತ ಜಾಸ್ತಿ ಒಪೆರಾ, ಅದರ ಮೇಲೆ ಸಿನಿಮಾ ಸಂಗೀತ, ಇನ್ನೆಷ್ಟು ಬೇಕಿತ್ತು ನಿಮಗೆ, ಕೆಜಿ ಲೆಕ್ಕದಲ್ಲಿ ತಗೋತೀರಾ? 2015ರಲ್ಲಿ ಆತ್ಮಕಥೆ ಬರೆದ್ರು, ಅಷ್ಟು ದೊಡ್ಡ ಹೆಸರಾದ ಮೇಲೆ ಹಿಂತಿರುಗಿ ನೋಡಿ ಬರೆದಿದ್ದು, ಅಪ್ಪನ ರೆಕಾರ್ಡ್ ಅಂಗಡಿ, ಸ್ಟೀಲ್ ಫ್ಯಾಕ್ಟರಿಲಿ ಕ್ರೇನ್ ಓಡಿಸಿದ್ದು, ಪ್ಲಂಬಿಂಗು, ಟ್ಯಾಕ್ಸಿ, ಎಲ್ಲ ಇದೆ ಅದರಲ್ಲಿ. ಬೇರೆಯವರಾಗಿದ್ರೆ ಆ ಭಾಗನ ಅರ್ಧ ಪುಟದಲ್ಲಿ ಹಾರಿಸ್ತಿದ್ರು.

ಮತ್ತೆ ಗ್ಲಾಸ್ ಸಂಗೀತದಲ್ಲಿ ಚಿಕ್ಕ ತುಣುಕೇ ತಿರುತಿರುಗಿ ಬರುತ್ತಲ್ಲ, ಅದಕ್ಕೆ "ಒಂದೇ ಥರ ಇದೆ" ಅನ್ನೋ ದೂರು. ಹೋದ ತಿಂಗಳು ಜೀಪಲ್ಲಿ ಇವರ ಪಿಯಾನೊ ಹಾಕಿದ್ದೆ, ಹಿಂದಿನ ಸೀಟಲ್ಲಿದ್ದ ಬೆಂಗಳೂರಿನ ಹುಡುಗ ಮೆಲ್ಲಗೆ ಭುಜ ತಟ್ಟಿ, "ಅಣ್ಣ, ಪೆನ್‌ಡ್ರೈವ್ ಸಿಕ್ಕಾಕೊಂಡಿದೆ ಅನ್ಸುತ್ತೆ" ಅಂದ. ನಾನೇನೂ ಹೇಳ್ಲಿಲ್ಲ, ಫಸ್ಟ್ ಗೇರಲ್ಲಿ ಏರು ಹತ್ತಿಸ್ತಿದ್ದೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಟೈಮಲ್ಲಿ ಬನ್ನಿ, ನಾಲ್ಕು ಜನ ದುಡಿ ಅನ್ನೋ ಪುಟ್ಟ ವಾದ್ಯ ಬಡೀತಾ ಹಾಡೋದು ಕೇಳಿ, ಇಬ್ಬರು ಹೇಳಿದ್ದನ್ನ ಇನ್ನಿಬ್ಬರು ಹೇಳ್ತಾರೆ, ಗಂಟೆಗಟ್ಟಲೆ. ಅಲ್ಲಿ ಹೋಗಿ ಪೆನ್‌ಡ್ರೈವ್ ಸಿಕ್ಕಾಕೊಂಡಿದೆ ಅಂತೀರಾ? ಧೈರ್ಯ ಇದ್ಯಾ? ಪ್ಯಾರಿಸಲ್ಲಿ ಪಂಡಿತ್ ರವಿಶಂಕರ್ ಸಂಗೀತನ ಸ್ವರಲಿಪಿಗೆ ಇಳಿಸೋವಾಗ ಇದೇ ಗ್ಲಾಸ್ ತಾಳ ತಪ್ಪಿಸ್ತಾನೇ ಇದ್ರು, ತಬಲಾ ವಾದಕ ಅಲ್ಲಾ ರಖಾ ಪಕ್ಕದಲ್ಲಿ ಕೂತು ತಿದ್ದಿ ತಿದ್ದಿ ಸಾಕಾದ್ರು, ಕೊನೆಗೆ ಪೇಪರ್ ಮೇಲೆ ತಾಳನ ತುಂಡು ಮಾಡಿ ಹಾಕಿದ್ದ ಉದ್ದಗೆರೆನೆಲ್ಲ ಅಳಿಸಿ ಹಾಕಿದ ಮೇಲೇ ಲೆಕ್ಕ ಹೊಳೆದಿದ್ದು. ಬೈಸಿಕೊಂಡು ಕಲಿಯೋದು ಅಂದ್ರೆ ಅದು. ನಂಗೆ ಕ್ಲಚ್ ಕಲಿಸಿದ ನಮ್ಮ ಮಾವನೂ ಹಂಗೇ.

ನಮಗೂ ಅವರಿಗೂ ಏನ್ ಸಂಬಂಧ ಅಂತಾನೂ ಕೇಳಿದ್ದಾರೆ. ಇದೆ ಸಂಬಂಧ! ಗ್ಲಾಸ್ ಅವರ ಸತ್ಯಾಗ್ರಹ ಒಪೆರಾ, 1980, ದಕ್ಷಿಣ ಆಫ್ರಿಕಾದ ಗಾಂಧಿ ಕಥೆ, ಹಾಡೋದೆಲ್ಲ ಸಂಸ್ಕೃತದಲ್ಲಿ, ಭಗವದ್ಗೀತೆ ಶ್ಲೋಕ. ಗಾಂಧಿ 1934ರಲ್ಲಿ ಎಲ್ಲಿಗೆ ಬಂದಿದ್ರು? ಕೊಡಗಿಗೆ. ಕೊಡಗಿನ ಗೌರಮ್ಮ ಉಪವಾಸ ಕೂತು ಅವರನ್ನ ಮನೆಗೆ ಕರೆಸಿಕೊಂಡು ಒಡವೆ ಬಿಚ್ಚಿ ಕೊಟ್ಟಿಲ್ವಾ? ಆಯ್ತಲ್ಲ ಸಂಬಂಧ. ಎಳೆದು ತಂದಿದ್ದು ಅಂತೀರಾ, ಎಳೆದೇ ತಂದಿದ್ದು, ಫೋರ್ ವೀಲ್ ಹಾಕಿ ಎಳೆದಿದ್ದು, ನಮ್ಮ ಗಾಡಿ ಅಷ್ಟು ಎಳೆಯುತ್ತೆ!

ಗಾಡಿ ಅಂದಾಗ ನೆನಪಾಯ್ತು, ಭಾವನ ಹೋಂಸ್ಟೇಲಿ ಈ ವಾರ ಎರಡು ರೂಮ್ ಖಾಲಿ ಇದೆ, ಅತ್ತಿಗೆ ಮಾಡೋ ಕಡಂಬಿಟ್ಟು ಪಂದಿಕರಿ ಬಗ್ಗೆ ನಾನು ಬೇರೆ ಹೇಳ್ಬೇಕಾಗಿಲ್ಲ, ಕಾಫಿಪುಡಿನೂ ಕೊರಿಯರ್ ಮಾಡ್ತೀವಿ, ನಂಬರ್ ಕೆಳಗಿದೆ. ಸಬ್‌ಸ್ಕ್ರೈಬ್ ಮಾಡಿ. ಆ ಮೂರು ನಗೋ ಮುಖದವರೂ ಮಾಡಿ, ಪರವಾಗಿಲ್ಲ.

ಏನ್ ಹೇಳ್ತಿದ್ದೆ... ಹಾಂ, ಟ್ಯಾಕ್ಸಿ. ಟ್ಯಾಕ್ಸಿ ಓಡಿಸ್ತಿದ್ರು ರೀ ಅವರು! ಟ್ಯಾಕ್ಸಿ! ಇನ್ನೆಷ್ಟು ಸಲ ಹೇಳ್ಲಿ. 9 ಪರ್ಸೆಂಟಿಗೆ ಬಂತು ಚಾರ್ಜು. ಬೆಳಗ್ಗೆ ನಾಲ್ಕೂವರೆಗೆ ಮಂಡಲಪಟ್ಟಿಗೆ ಬುಕಿಂಗ್ ಇದೆ, ಆರು ಜನ, ಸನ್‌ರೈಸ್ ನೋಡ್ಬೇಕಂತೆ, ಈ ಮಳೆಲಿ. ನಾನು ಪಿಯಾನೊನೇ ಹಾಕೋದು.