ದಿನಕ್ಕೆ ಎಷ್ಟು ವ್ಯಾಪಾರ ಆಗಬೇಕು?

ಕೇಳುಗರಿಗೆ ನಮಸ್ಕಾರ.

ಸ್ವಂತ ವ್ಯಾಪಾರ ಶುರು ಮಾಡಬೇಕು ಅಂದುಕೊಂಡವರು ಬೆಂಗಳೂರಿನಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಕಂಪನಿ ಕೆಲಸ ಸಾಕಾದವರು, ನಿವೃತ್ತಿಯ ಹಣ ಕೈಗೆ ಬಂದವರು, ಮನೆಯಲ್ಲಿ ಚಟ್ನಿಪುಡಿ ಮಾಡಿ ನೆಂಟರಿಷ್ಟರಿಂದ ಭೇಷ್ ಅನ್ನಿಸಿಕೊಂಡವರು. ಒಂದು ಬ್ಯಾಂಕಿನಲ್ಲಿ ಸಣ್ಣ ಸಾಲದ ಅರ್ಜಿಗಳನ್ನು ನೋಡುವುದರಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಅರ್ಜಿಯ ಜೊತೆಗೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಇರುತ್ತಿತ್ತು. ಆಡಿಟರ್ ಆಫೀಸಿನಲ್ಲಿ ಟೈಪಾಗಿ, ಅಂದವಾಗಿ ಬೈಂಡ್ ಆಗಿ ಬಂದದ್ದು. ಮೊದಲ ವರ್ಷ ಇಷ್ಟು ಲಾಭ, ಎರಡನೇ ವರ್ಷ ಅದಕ್ಕಿಂತ ಜಾಸ್ತಿ, ಮೂರನೇ ವರ್ಷ ಇನ್ನೂ ಜಾಸ್ತಿ. ನಷ್ಟ ತೋರಿಸಿದ ರಿಪೋರ್ಟನ್ನು ನಾನಂತೂ ನೋಡಿಲ್ಲ. ಅದನ್ನು ಪಕ್ಕಕ್ಕಿಟ್ಟು ಎದುರು ಕೂತವರನ್ನು ಕೇಳುತ್ತಿದ್ದೆ: "ದಿನಕ್ಕೆ ಎಷ್ಟು ವ್ಯಾಪಾರ ಆದರೆ ನಿಮಗೆ ನಷ್ಟ ಇಲ್ಲ?" ಬರುತ್ತಿದ್ದ ಉತ್ತರ ಹೆಚ್ಚಾಗಿ ಒಂದೇ. "ಚೆನ್ನಾಗಿ ಆಗತ್ತೆ ಸಾರ್, ಒಳ್ಳೇ ಏರಿಯಾ." ಏರಿಯಾ ಒಳ್ಳೆಯದಾದಷ್ಟೂ ಬಾಡಿಗೆಯೂ ಏರಿರುತ್ತದೆ ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಆ ಒಂದು ಲೆಕ್ಕವನ್ನೇ ಇವತ್ತು ನಿಧಾನವಾಗಿ ಮಾಡೋಣ. ಪೆನ್ನು, ಕಾಗದ ಕೈಗೆ ಸಿಗುವಂತಿದ್ದರೆ ತೆಗೆದುಕೊಳ್ಳಿ.

ವಿಜಯನಗರದಂಥ ಕಡೆ ಒಂದು ಸಣ್ಣ ತಿಂಡಿ ಹೋಟೆಲ್ ಅಂದುಕೊಳ್ಳಿ. ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ. ಬಾಡಿಗೆ 30,000. ಒಬ್ಬ ಭಟ್ಟರು, ಇಬ್ಬರು ಸಹಾಯಕರು, ಸಂಬಳ 60,000. ಕರೆಂಟು, ನೀರು, ಸಣ್ಣಪುಟ್ಟ ರಿಪೇರಿ 11,000. ಸಾಲದ ಕಂತು 12,000. ನಿಮ್ಮ ಮನೆ ಖರ್ಚಿಗೆ 30,000. ಈ ಕೊನೆಯದನ್ನು ಬರೆಯುವವರೇ ಕಡಿಮೆ. "ನಾನು ಸಂಬಳ ತಗೊಳ್ಳಲ್ಲ ಸಾರ್, ನಂದೇ ಅಂಗಡಿ ಅಲ್ವಾ" ಅನ್ನುತ್ತಾರೆ. ಹಾಗಾದರೆ ಮಕ್ಕಳ ಫೀಸು ಎಲ್ಲಿಂದ ಬರಬೇಕು? ಗಲ್ಲಾಪೆಟ್ಟಿಗೆಯಿಂದಲೇ. ಬರೆದರೂ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ. ಬರೆದೇ ಬಿಡಿ.

ಕೂಡಿದರೆ ತಿಂಗಳಿಗೆ 1,43,000 ರೂಪಾಯಿ. ವಾರಕ್ಕೊಂದು ರಜೆ ಬಿಟ್ಟು ತಿಂಗಳಿಗೆ 26 ದಿನ ಬಾಗಿಲು ತೆಗೆದರೆ ದಿನಕ್ಕೆ 5,500. ಇದು ವ್ಯಾಪಾರದ ಮೊತ್ತ ಅಲ್ಲ, ದಿನಸಿ ಸಾಮಾನಿನ ದುಡ್ಡು ಕಳೆದ ಮೇಲೆ ಉಳಿಯಬೇಕಾದದ್ದು. ನೂರು ರೂಪಾಯಿ ತಿಂಡಿಗೆ ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಪಾರ್ಸೆಲ್ ಡಬ್ಬಿ ಎಲ್ಲ ಸೇರಿ 45 ರೂಪಾಯಿ ಹೋಯಿತೆನ್ನಿ. ಉಳಿಯುವುದು 55. ಅಂದರೆ 5,500 ಉಳಿಯಬೇಕಾದರೆ ದಿನಕ್ಕೆ 10,000 ರೂಪಾಯಿ ವ್ಯಾಪಾರ ಆಗಬೇಕು. ಒಬ್ಬ ಗಿರಾಕಿಯ ಬಿಲ್ಲು ಸರಾಸರಿ 50 ರೂಪಾಯಿ ಅಂದರೆ 200 ಜನ ಬರಬೇಕು. ಬೆಳಗ್ಗೆ 7ರಿಂದ 11 ನಿಮ್ಮ ಹೊತ್ತು ಅಂದರೆ 240 ನಿಮಿಷ. ಹತ್ತಿರ ಹತ್ತಿರ ನಿಮಿಷಕ್ಕೊಬ್ಬ ಗಿರಾಕಿ ಬರಬೇಕು, ನಿಮ್ಮ ಕಾವಲಿಯ ಮೇಲೂ ಅದೇ ವೇಗದಲ್ಲಿ ದೋಸೆ ಏಳಬೇಕು.

ಈಗ ದಿನಕ್ಕೆ 8,000 ಮಾತ್ರ ಆಯಿತು ಅಂದುಕೊಳ್ಳಿ. ಅಂಗಡಿಯಲ್ಲಿ ಜನ ಇರುತ್ತಾರೆ, ಗದ್ದಲ ಇರುತ್ತದೆ, ನೋಡಿದವರು ಚೆನ್ನಾಗಿ ನಡೀತಿದೆ ಅನ್ನುತ್ತಾರೆ. ಲೆಕ್ಕ ನೋಡಿದರೆ ದಿನಕ್ಕೆ 1,100 ರೂಪಾಯಿ ಕೊರತೆ, ತಿಂಗಳಿಗೆ 28,600. ಹೆಚ್ಚು ಕಡಿಮೆ ನಿಮ್ಮ ಮನೆ ಖರ್ಚಿನ ದುಡ್ಡು ಪೂರ್ತಿ ಹೋಯಿತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಾಡಿಗೆ ಕೊಟ್ಟಿರಿ, ಸಂಬಳ ಕೊಟ್ಟಿರಿ, ನೀವು ಮಾತ್ರ ಬಿಟ್ಟಿ ದುಡಿದಿರಿ. ಬೆಂಗಳೂರಿನ ಎಷ್ಟೋ ಸಣ್ಣ ಹೋಟೆಲುಗಳ ಕಥೆ ಇದು. ಗಿರಾಕಿ ಇಲ್ಲದೆ ಮುಚ್ಚಿದ್ದಲ್ಲ, ಇನ್ನು 40 ಗಿರಾಕಿ ಸಾಲದೆ ಮುಚ್ಚಿದ್ದು.

ಮೊಬೈಲ್ ಆ್ಯಪಿನ ಮೂಲಕ ಮಾರಿದರೆ ಆಯಿತಲ್ಲ ಅನ್ನಬಹುದು. ಕಮಿಷನ್ ಬಿಲ್ಲಿನ ಕಾಲು ಭಾಗ ಅಂತ ಹಿಡಿಯಿರಿ. ಆ 55ರಲ್ಲಿ 25 ಹೋಗಿ 30 ಉಳಿಯುತ್ತದೆ. ಅದೇ 5,500ಕ್ಕೆ ಆಗ 18,000ಕ್ಕೂ ಮೇಲೆ ವ್ಯಾಪಾರ ಮಾಡಬೇಕು. ಆ್ಯಪ್ ಬೇಡ ಅನ್ನುತ್ತಿಲ್ಲ, ಅದರ ಬೆಲೆಪಟ್ಟಿ ಬೇರೆ ಇರಬೇಕು ಅಷ್ಟೇ.

ಇನ್ನು ತೆರಿಗೆ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಷ್ ಮಾತ್ರ" ಅನ್ನುವ ಚೀಟಿಗಳು ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಯುಪಿಐ ಖಾತೆಗೆ ಬಂದ ಹಣದ ವಿವರ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ವಿಷಯ ಮುಖ್ಯಮಂತ್ರಿಗಳ ಸಭೆಯವರೆಗೂ ಹೋಯಿತು. ಅಲ್ಲಿ ಸರಿ ತಪ್ಪು ಯಾರದು ಅನ್ನುವುದು ಬೇರೆ ಮಾತು. ಹೊಸಬರು ತಿಳಿಯಬೇಕಾದ್ದು ಎರಡು. ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಹೋಟೆಲಿನ ತಿಂಡಿ ಆ ಕಾಯ್ದೆಯಲ್ಲಿ ಸರಕಲ್ಲ, ಸೇವೆ. ನಮ್ಮ ಉದಾಹರಣೆಯ ಹೋಟೆಲು ದಿನಕ್ಕೆ 10,000ದಂತೆ ವರ್ಷಕ್ಕೆ 31 ಲಕ್ಷ ದಾಟುತ್ತದೆ, ನೋಂದಣಿ ಆಗಲೇಬೇಕು. ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ, ಕಾಂಪೊಸಿಷನ್ ಪದ್ಧತಿ, ಆರಿಸಿಕೊಂಡರೆ ಹೋಟೆಲಿಗೆ ಒಟ್ಟು ವ್ಯಾಪಾರದ ಶೇಕಡ 5, ಅದನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ಸೇರಿಸುವಂತಿಲ್ಲ. ಆಗ 55 ಅಂದದ್ದು 50 ಆಯಿತು, 10,000 ಅಂದದ್ದು 11,000 ಆಯಿತು. ಗಿರಾಕಿಗಳು 220. ಎರಡನೆಯದು, ಮನೆಯ ಖಾತೆ ಬೇರೆ, ಅಂಗಡಿಯ ಖಾತೆ ಬೇರೆ ಇರಲಿ. ಚೀಟಿ ಎತ್ತಿದ ದುಡ್ಡು, ಭಾವಮೈದುನ ಹಿಂದಿರುಗಿಸಿದ ಕೈಸಾಲ, ಎಲ್ಲ ಒಂದೇ ಕ್ಯೂಆರ್ ಕೋಡಿಗೆ ಬಂದರೆ ಯಾವುದು ವ್ಯಾಪಾರ, ಯಾವುದು ಅಲ್ಲ ಅಂತ ನಾಲ್ಕು ವರ್ಷ ಬಿಟ್ಟು ಹೇಗೆ ತೋರಿಸುತ್ತೀರಿ?

ಈ ಲೆಕ್ಕವನ್ನು ಗೋಡೆಯೊಳಗೇ ಕಟ್ಟಿದಂತಿರುವುದು ನಮ್ಮ ದರ್ಶಿನಿ ಹೋಟೆಲು. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾಗಿ ಊರೆಲ್ಲ ಹಬ್ಬಿತು. ಕುರ್ಚಿ ಇಲ್ಲ, ಹಾಗಾಗಿ ತಿಂದವರು ಹರಟುತ್ತ ಕೂರುವುದಿಲ್ಲ, ಚಿಕ್ಕ ಜಾಗದಲ್ಲಿ ಬೆಳಗಿನ ಹೊತ್ತಿನಲ್ಲೇ ನೂರಾರು ಜನ ತಿಂದು ಹೋಗುತ್ತಾರೆ. ಮೊದಲು ಟೋಕನ್, ಆಮೇಲೆ ತಿಂಡಿ, ಹಾಗಾಗಿ ಉದ್ರಿ ಅನ್ನುವ ಮಾತೇ ಇಲ್ಲ. ತಟ್ಟೆ ನೀವೇ ತಂದುಕೊಳ್ಳುತ್ತೀರಿ, ಹಾಗಾಗಿ ಸಪ್ಲೈಯರ್ ಸಂಬಳ ಇಲ್ಲ. ಅಡುಗೆಮನೆ ಕಣ್ಣೆದುರೇ ಇದೆ, ಹಾಗಾಗಿ ಶುಚಿಗೆ ಬೇರೆ ಜಾಹೀರಾತು ಬೇಡ. ನಿಂತುಕೊಂಡು ತಿನ್ನುವುದು ನನ್ನ ಮಂಡಿಗೆ ಇಷ್ಟವಿಲ್ಲ, ಆದರೆ ಅದರ ಹಿಂದಿನ ಲೆಕ್ಕಕ್ಕೆ ಕೈ ಮುಗಿಯಬೇಕು.

ಹಾಗಾದರೆ ಆ 220 ಜನ ಬರುತ್ತಾರೋ ಇಲ್ಲವೋ ತಿಳಿಯುವುದು ಹೇಗೆ? ಹೋಗಿ ನಿಂತು ಎಣಿಸಬೇಕು. ಒಂದು ಸೋಮವಾರ, ಒಂದು ಭಾನುವಾರ, ಬೆಳಗ್ಗೆ, ಸಂಜೆ. ಎಷ್ಟು ಜನ ನಡೆದು ಹೋದರು, ಎಷ್ಟು ಜನ ಬೈಕಿನಲ್ಲಿ ಸರ್ರನೆ ಹೋದರು. ಬೈಕು ನಿಲ್ಲಿಸಲು ಜಾಗವಿಲ್ಲದ ಕಡೆ ಸಾವಿರ ಬೈಕು ಹೋದರೂ ನಿಮಗೆ ಅವರು ಗಿರಾಕಿಗಳಲ್ಲ. ರಸ್ತೆಯ ಬದಿಯೂ ಮುಖ್ಯ. ಬೆಳಗ್ಗೆ ಬಸ್ ಸ್ಟಾಪಿಗೆ, ಮೆಟ್ರೋಗೆ ಹೋಗುವವರು ಒಂದು ಬದಿಯಲ್ಲಿ ನಡೆಯುತ್ತಾರೆ, ಸಂಜೆ ಇಳಿದು ಮನೆಗೆ ಹೋಗುವವರು ಇನ್ನೊಂದು ಬದಿಯಲ್ಲಿ. ಇಡ್ಲಿಗೆ ಮೊದಲನೇ ಬದಿ, ತರಕಾರಿಗೆ, ಚಾಟ್ಸಿಗೆ ಎರಡನೇ ಬದಿ. ಆ ರಸ್ತೆಗೆ ಮೆಟ್ರೋ ಕಂಬವೋ ವೈಟ್ ಟಾಪಿಂಗೋ ಬರಲಿದೆಯೇ ಅಂತಲೂ ವಿಚಾರಿಸಿ. ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ಕಾಮಗಾರಿಗೆ ಅಗೆದಾಗ ಅಲ್ಲಿನ ಹಳೇ ಅಂಗಡಿಯವರೇ ಪರದಾಡಿದರು. ಹೊಸ ಅಂಗಡಿ ಅಷ್ಟು ದಿನ ತಡೆಯುವುದಿಲ್ಲ.

ಚಟ್ನಿಪುಡಿ, ಉಪ್ಪಿನಕಾಯಿಯಂಥ ಮನೆ ತಯಾರಿಗೆ ಅಂಗಡಿಯೇ ಬೇಡ, ಮೊದಲಿಗೆ. ಅಪಾರ್ಟ್‌ಮೆಂಟುಗಳ ಶನಿವಾರದ ಸಂತೆಯಲ್ಲೋ ಬಡಾವಣೆಯ ಗಣೇಶೋತ್ಸವದಲ್ಲೋ ಒಂದು ಮೇಜು ಹಾಕಿ. ನೆಂಟರ ಭೇಷನ್ನು ನಂಬಬೇಡಿ. ಗುರುತಿಲ್ಲದವರು ದುಡ್ಡು ಕೊಟ್ಟು ಕೊಂಡು, ಮುಂದಿನ ವಾರ ಹುಡುಕಿಕೊಂಡು ಬಂದರೆ ಅದು ಲೆಕ್ಕ.

ಜಾಗ ಗೊತ್ತಾಯಿತು ಅಂದುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ರೂಢಿ. ನಮ್ಮ ಹೋಟೆಲಿಗೆ ಅದೇ ಮೂರು ಲಕ್ಷ. ಒಂದು ಗುಟ್ಟು ಹೇಳುತ್ತೇನೆ. ಆಷಾಢದಲ್ಲಿ ಹೊಸ ಅಂಗಡಿ ತೆಗೆಯುವವರು ಕಡಿಮೆ, ಮಾಲೀಕರ ಮಳಿಗೆ ಖಾಲಿ ಇರುತ್ತದೆ. ಬಾಡಿಗೆ ಮಾತಾಡುವುದಕ್ಕೆ ಅದೇ ಒಳ್ಳೆಯ ತಿಂಗಳು. ಪೂಜೆ ಶ್ರಾವಣದಲ್ಲೇ ಇಟ್ಟುಕೊಳ್ಳಿ, ಕರಾರು ಆಷಾಢದಲ್ಲಿ ಆಗಲಿ. ಆ ಕರಾರಿನದೇ ದೊಡ್ಡ ವಿಷಯ. ಮನೆ ಬಾಡಿಗೆಗೆ ಮಾಡುವ ಹಾಗೆ 11 ತಿಂಗಳ ಕಾಗದ ಬರೆಸಿ, ಅದರ ಮೇಲೆ ಆರು ಲಕ್ಷದ ಟೈಲ್ಸು, ಸ್ಟೀಲು, ಚಿಮಣಿ ಹಾಕಿಸುವವರಿದ್ದಾರೆ. ವ್ಯಾಪಾರ ಕುದುರುವ ಹೊತ್ತಿಗೆ ಮಾಲೀಕರು ಬಾಡಿಗೆ ಒಂದೂವರೆ ಪಟ್ಟು ಕೇಳುತ್ತಾರೆ. ಗೋಡೆಗೆ ಅಂಟಿಸಿದ ಟೈಲ್ಸನ್ನು ಕಿತ್ತು ಒಯ್ಯುವ ಹಾಗಿಲ್ಲ. ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಖರ್ಚಾಗುತ್ತದೆ, ಆದರೂ ಮಾಡಿಸಿ. ಐದು ವರ್ಷಕ್ಕೆ ಬರೆಸಿ, ವರ್ಷಕ್ಕೆ ಬಾಡಿಗೆ ಎಷ್ಟು ಏರಬೇಕು ಅನ್ನುವುದೂ ಅದರಲ್ಲಿರಲಿ.

ಅಡ್ವಾನ್ಸ್ ಕೊಡುವ ಮೊದಲೇ ನೋಡಬೇಕಾದ ಇನ್ನೊಂದಿದೆ. ಆ ಕಟ್ಟಡ ವಸತಿ ಪ್ರದೇಶದಲ್ಲಿದೆಯೇ, ರಸ್ತೆಯ ಅಗಲ ಎಷ್ಟು, ಅಲ್ಲಿ ನಿಮ್ಮ ವ್ಯಾಪಾರಕ್ಕೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಸಿಗುತ್ತದೆಯೇ? 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದ್ದು ನೋಡಿಕೊಳ್ಳಿ. ಕರೆಂಟು ಮೀಟರು ವಾಣಿಜ್ಯ ದರದ್ದೇ, ನಿಮ್ಮ ಗ್ರೈಂಡರಿನ ಮೋಟರಿಗೆ ಸಾಕಾಗುವಷ್ಟು ಲೋಡ್ ಮಂಜೂರಾಗಿದೆಯೇ ಅಂತ ನೋಡಿ. ಉಳಿದ ಕಾಗದಪತ್ರ ಜನ ಹೆದರುವಷ್ಟೇನೂ ಇಲ್ಲ. ತಿನ್ನುವ ಪದಾರ್ಥ ಏನೇ ಮಾರಿದರೂ, ಮನೆಯಲ್ಲೇ ಮಾಡಿ ಮಾರಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು, 14 ಅಂಕಿಯದ್ದು. ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಕಾಯ್ದೆಯ ನೋಂದಣಿ. ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂದು ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ, ಬೋರ್ಡು ಬರೆಸುವಾಗಲೇ ಹೇಳಿಬಿಡಿ. ಸಣ್ಣ ಉದ್ಯಮ ಅಂತ ಗುರುತು ಕೊಡುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದನ್ನೇ ಮಾಡಿಕೊಟ್ಟು ಸಾವಿರ, ಎರಡು ಸಾವಿರ ಕೇಳುವ ಖಾಸಗಿ ಜಾಲತಾಣಗಳು ನೋಡಲು ಸರ್ಕಾರಿಯ ಹಾಗೇ ಇರುತ್ತವೆ, ಹುಷಾರು.

ಈಗ ಸಾಲ. ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದ ಯೋಜನೆವರೆಗೆ ಅಂತ 2022ರಲ್ಲಿ ಮಿತಿ ಏರಿಸಿದರು. ನಗರದಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 15, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇಕಡ 25 ಸಬ್ಸಿಡಿ. ಆದರೆ ಆ ಸಬ್ಸಿಡಿ ನೋಟಿನ ಕಟ್ಟಾಗಿ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ಸಬ್ಸಿಡಿ ಇದೆ ಅಂತ ವ್ಯಾಪಾರ ಹುಡುಕಿಕೊಂಡು ಬರುವವರನ್ನು ಬ್ಯಾಂಕಿನವರು ಎರಡು ಮಾತಿನಲ್ಲೇ ಗುರುತು ಹಿಡಿಯುತ್ತಾರೆ.

ಸಾಲ ಕೇಳುವವರು ಯಂತ್ರಕ್ಕೆ, ಒಳಾಲಂಕಾರಕ್ಕೆ ಪೈಸೆ ಲೆಕ್ಕ ತರುತ್ತಾರೆ, ಕೈಬಂಡವಾಳ ಮರೆಯುತ್ತಾರೆ. ತೆರಿಗೆ ಬಿಟ್ಟ ಮೊದಲ ಲೆಕ್ಕವನ್ನೇ ಹಿಡಿದು ನೋಡಿ. ಮೊದಲ ತಿಂಗಳು ಅಂದುಕೊಂಡದ್ದರಲ್ಲಿ ಅರ್ಧ, 5,000 ಮಾತ್ರ ಆಯಿತೆನ್ನಿ. ಆ ತಿಂಗಳ ಕೊರತೆ 71,500. ಎರಡನೇ ತಿಂಗಳು ಸ್ವಲ್ಪ ಕಡಿಮೆ, ಮೂರನೆಯದಕ್ಕೆ ಇನ್ನೂ ಕಡಿಮೆ. ಎರಡು ಲಕ್ಷವನ್ನಾದರೂ ಮುಟ್ಟದೆ ಇಟ್ಟುಕೊಂಡು ಬಾಗಿಲು ತೆಗೆಯಬೇಕು. ಅದಿಲ್ಲದಿದ್ದರೆ ಟೈಲ್ಸು ಕಡಿಮೆ ಮಾಡಿ, ಗ್ರೈಂಡರನ್ನು ಮುಚ್ಚಿದ ಹೋಟೆಲಿನವರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳಿ.

ಪೀಣ್ಯದ ಕಡೆ ಲೇತ್ ಯಂತ್ರ ಹಾಕಿಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ ಈ ಕೈಬಂಡವಾಳ ಇನ್ನೂ ಜಾಸ್ತಿ ಬೇಕು. ಅಲ್ಲಿ ಗಿರಾಕಿ ಸಿಗುತ್ತಾನೆ, ದುಡ್ಡು ಬರುವುದು ತಡ. ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕದ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಪಾವತಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾನೂನು ಚೆನ್ನಾಗಿದೆ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಯಾರಿಂದ ತರುವುದು? ಹಾಗಾಗಿ ಮೂರು ತಿಂಗಳ ಕಬ್ಬಿಣದ ಹಣ ಕೈಯಲ್ಲಿರಬೇಕು, ಮತ್ತು ಶುರುವಿನಿಂದಲೇ ಎರಡನೇ ಗಿರಾಕಿಯನ್ನು ಹುಡುಕುತ್ತಿರಬೇಕು.

ತರಬೇತಿ ಬೇಕೆನ್ನುವವರಿಗೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಕೇಂದ್ರ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ, ಊಟ ವಸತಿಯೊಂದಿಗೆ ಉಚಿತ. ಮಹಿಳೆಯರಿಗೆ ಬೆಂಗಳೂರಿನಲ್ಲೇ 1983ರಿಂದ ಅವೇಕ್ ಸಂಸ್ಥೆ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಒಮ್ಮೆ ಹೋಗಿ ಬನ್ನಿ.

ಕೊನೆಯದಾಗಿ, ಯಾರಿಗೂ ಇಷ್ಟವಾಗದ ಒಂದು ಮಾತು. ಅಂಗಡಿ ತೆಗೆಯುವ ಮೊದಲೇ ಮುಚ್ಚುವ ಲೆಕ್ಕವನ್ನೂ ಬರೆದಿಡಿ. ಎಷ್ಟು ದುಡ್ಡು ಹೋದರೆ ನಿಲ್ಲಿಸುತ್ತೇವೆ ಅನ್ನುವುದನ್ನು ಗಂಡ ಹೆಂಡತಿ ಇಬ್ಬರೂ ಕೂತು ಒಪ್ಪಿಕೊಂಡು ಬರೆಯಿರಿ, ಒಡವೆ ಅಡ ಇಡುವ ಹಂತಕ್ಕೆ ಹೋಗುವ ಮೊದಲು. ಬಾಡಿಗೆ ಕರಾರಿನಲ್ಲಿ ಲಾಕ್-ಇನ್, ಅಂದರೆ ಬಿಟ್ಟುಹೋಗುವಂತಿಲ್ಲದ ಅವಧಿ, ಎಷ್ಟು ತಿಂಗಳು, ಬಿಡುವುದಕ್ಕೆ ಎಷ್ಟು ತಿಂಗಳ ನೋಟಿಸು, ಅಡ್ವಾನ್ಸ್ ಯಾವತ್ತು ವಾಪಸ್ ಬರಬೇಕು, ಪೇಂಟಿಂಗ್ ಅಂತ ಎಷ್ಟು ಹಿಡಿಯಬಹುದು, ಇಷ್ಟನ್ನೂ ಸಹಿಗೆ ಮುಂಚೆ ಓದಿ ನೋಡಿ. ಹಿಡಿಯುವ ಮೊತ್ತ ಬರೆದಿಲ್ಲದಿದ್ದರೆ ಬರೆಸಿ, ಆಮೇಲೆ ಸಹಿ ಹಾಕಿ.

ನಮಸ್ಕಾರ.