"ನಂಗೇನೂ ಆಗಿಲ್ಲ ಬಿಡ್ರೀ"

(ದಾವಣಗೆರೆಯಲ್ಲಿ, ತಲೆಗೆ ಪೆಟ್ಟಾದವರ ಮನೆಯವರಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊರಿನ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. ನಾವೋ ಹೆಲ್ಮೆಟನ್ನು ಬೈಕಿನ ಕನ್ನಡಿಗೆ ನೇತುಹಾಕಿ ಓಡಿಸುವ ಜನ. ಪೆಟ್ಟಾದವರು ಗುಣವಾಗಿ ಮನೆಗೆ ಹೋದ ಮೇಲೆ ನಿಮ್ಮಿಂದ ನಾನು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ನಂಗೇನೂ ಆಗಿಲ್ಲ ಅಂತಾರೆ. ಬೈಕ್ ಕೀಲಿ ಕೊಡು ಅಂತ ದಿನಾ ಜಗಳ."

ಅದನ್ನು ಹಟ ಅಂದುಕೊಳ್ಳಬೇಡಿ. ನಮ್ಮ ತಪ್ಪನ್ನು ನಮಗೇ ತೋರಿಸಿಕೊಡುವುದೂ ಮಿದುಳಿನದೇ ಕೆಲಸ. ಮುಂಭಾಗಕ್ಕೋ ಬಲಭಾಗಕ್ಕೋ ಪೆಟ್ಟಾದರೆ ಅದೂ ಕೆಡಬಹುದು. 1914ರಲ್ಲಿ ಪ್ಯಾರಿಸ್ಸಿನ ನರವೈದ್ಯ ಜೋಸೆಫ್ ಬಾಬಿನ್ಸ್ಕಿ, ಎಡಗೈ ಎಡಗಾಲು ಬಿದ್ದುಹೋಗಿದ್ದರೂ ಅದರ ಅರಿವೇ ಇಲ್ಲದ ರೋಗಿಗಳನ್ನು ಕಂಡು, ಆ ಸ್ಥಿತಿಗೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟರು. ಗೊತ್ತಿದ್ದೂ ಒಪ್ಪಲಾಗದೆ ಇಲ್ಲ ಎನ್ನುವವರೂ ಇದ್ದಾರೆ, ಅದು ಬೇರೆ. ಒಬ್ಬರಲ್ಲೇ ಎರಡೂ ಬೆರೆತಿರುವುದುಂಟು.

ಈ ಅರಿವು ಎಷ್ಟಿದೆ ಎಂದು ಅಳೆಯಲು ಅಮೆರಿಕದ ನರಮನಶ್ಶಾಸ್ತ್ರಜ್ಞ ಪ್ರಿಗಾಟಾನೊ ಮತ್ತು ಸಂಗಡಿಗರು 1986ರಲ್ಲಿ ಮಾಡಿದ 30 ಪ್ರಶ್ನೆಗಳ ಪಟ್ಟಿ ಇದೆ. ಹಣಕಾಸು ನೋಡಿಕೊಳ್ಳುವುದು ಎಷ್ಟು ಕಷ್ಟ, ಸಿಟ್ಟು ತಡೆಯುವುದು ಎಷ್ಟು ಕಷ್ಟ, ಹೀಗೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ: 1 ಅಂದರೆ ಆಗುವುದೇ ಇಲ್ಲ, 5 ಅಂದರೆ ಸುಲಭವಾಗಿ ಆಗುತ್ತದೆ. ಪೆಟ್ಟಾದವರು ಒಂದು ಪ್ರತಿ ತುಂಬುತ್ತಾರೆ, ಮನೆಯವರು ಇನ್ನೊಂದು. ಎರಡರ ನಡುವಿನ ಅಂತರ ನೋಡುತ್ತೇವೆ. ಆದರೆ ತಾಯಿ ಮಗನಿಗೆ ಧಾರಾಳವಾಗಿ ಐದೈದು ಹಾಕುತ್ತಾಳೆ, ದಣಿದ ಹೆಂಡತಿ ಎರಡಕ್ಕೇ ನಿಲ್ಲಿಸುತ್ತಾಳೆ. ಅದಕ್ಕೇ ಮಾತಾಡಿಸಿಯೂ ನೋಡುತ್ತೇವೆ. ಏನು ಬದಲಾಗಿದೆ, ಅದರಿಂದ ದಿನದ ಬದುಕಿಗೆ ಏನಾಗಿದೆ, ಇನ್ನಾರು ತಿಂಗಳಲ್ಲಿ ಏನು ಮಾಡಬೇಕೆಂದಿದ್ದೀರಿ? ಗುಟ್ಟು ಬಯಲಾಗುವುದು ಹೆಚ್ಚಾಗಿ ಮೂರನೆಯದರಲ್ಲಿ. ಎರಡು ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವರು, "ಸೋಮವಾರದಿಂದ ಲಾರಿ ಹತ್ತತೀನಿ" ಅಂದುಬಿಡುತ್ತಾರೆ.

ನನಗೆ ಹೆಚ್ಚು ನಂಬಿಕೆ ಇರುವುದು ಕೆಲಸ ಕೊಟ್ಟು ನೋಡುವುದರಲ್ಲಿ. ಮೆಕ್ಕೆಜೋಳದ ದಲ್ಲಾಳಿ ಅಂಗಡಿಯ ಗುಮಾಸ್ತರೊಬ್ಬರಿಗೆ ಹತ್ತು ತೂಕದ ಚೀಟಿ ಕೊಟ್ಟೆ. ಕ್ವಿಂಟಲಿಗೆ ಇಷ್ಟು, ಹಮಾಲಿ ಕಳೆದು ಎಷ್ಟು? ಶುರುಮಾಡುವ ಮೊದಲೇ, "ಎಷ್ಟು ಸರಿ ಬರುತ್ತವೆ?" ಎಂದು ಕೇಳಿದೆ. "ಹತ್ತಕ್ಕೆ ಹತ್ತು. ಇಪ್ಪತ್ತು ವರ್ಷದ ಕೆಲಸ ಇದು." ಬಂದದ್ದು ನಾಲ್ಕು. ನಾನೇನೂ ಹೇಳಲಿಲ್ಲ, ಅವರ ಕೈಗೇ ಕ್ಯಾಲ್ಕುಲೇಟರ್ ಕೊಟ್ಟೆ. ಮೊದಲ ವಾರ ಕ್ಯಾಲ್ಕುಲೇಟರೇ ಕೆಟ್ಟಿದೆ ಅಂದರು! ಮೂರನೆಯ ವಾರ, "ಏಳು ಬರಬಹುದು" ಅಂದರು. ಬಂದದ್ದು ಆರು. ಅವತ್ತು ನನಗಾದ ಖುಷಿ ಲೆಕ್ಕ ಸುಧಾರಿಸಿತೆಂದಲ್ಲ, ಊಹೆ ಹತ್ತಿರ ಬಂತೆಂದು.

ಅದೇ ವಾರ ಅವರು ಊಟ ಬಿಟ್ಟರು, ರಾತ್ರಿ ಅತ್ತರು. ಅರಿವು ಬಂದಾಗ ಕೆಲವರಿಗೆ ಖಿನ್ನತೆಯೂ ಬರುತ್ತದೆ. ಆಗ "ನಾನು ಅವತ್ತೇ ಹೇಳಿರಲಿಲ್ವಾ" ಅನ್ನಬೇಡಿ. ನಮಗೆ ಫೋನ್ ಮಾಡಿ.

ಪ್ರಶ್ನೆಪಟ್ಟಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಇಬ್ಬರೂ ಬೇರೆ ಬೇರೆ ಕೂತು ತುಂಬಿ, ಒಬ್ಬರದನ್ನೊಬ್ಬರು ನೋಡಬೇಡಿ.